ಹೊಲದ ಪಹಣಿ, ವಿದೇಶದ ಪದವಿ

ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳಿರುವ ಮನೆಗೆ ಮೇ, ಜೂನ್ ತಿಂಗಳುಗಳು ನೆಮ್ಮದಿಯ ತಿಂಗಳುಗಳಲ್ಲ. ನೀಟ್ ಅಂಕ ಸರ್ಕಾರಿ ಎಂಬಿಬಿಎಸ್ ಸೀಟಿಗೆ ಸಾಲುವುದಿಲ್ಲ. ಖಾಸಗಿ ಸೀಟಿನ ಶುಲ್ಕ ಕೇಳಿದರೆ ಬಾಯಿ ಒಣಗುತ್ತದೆ. ಅಷ್ಟರಲ್ಲಿ ಯಾರೋ ಬಂದು, ಡಾಕ್ಟರಾಗದಿದ್ದರೇನಾಯಿತು, ಆಸ್ಪತ್ರೆಯಲ್ಲಿ ಬೇರೆ ಕೆಲಸಗಳಿಲ್ಲವೇ, ಅವನ್ನೇ ಲಂಡನ್ನಿನಲ್ಲೋ ಜರ್ಮನಿಯಲ್ಲೋ ಕಲಿತರೆ ಕೈತುಂಬ ಸಂಬಳ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಆಗ ಬರುವ ಮಾತು ಇದು: 'ಒಂದು ಹೊಲ ಹೋದ್ರ ಹೋಗ್ಲಿ, ಹುಡುಗ ದಂಡಿ ಹತ್ತಲಿ.'

ಹೊಲ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಓದು ಮುಗಿದ ಮೇಲೆ ರೋಗಿಯ ಮೈಮುಟ್ಟಲು ಈ ಹುಡುಗನಿಗೆ, ಈ ಹುಡುಗಿಗೆ ಪರವಾನಗಿ ಕೊಡುವವರು ಯಾರು? ದೇಶ, ವೀಸಾ, ವಿಶ್ವವಿದ್ಯಾಲಯದ ಹೆಸರು ಎಲ್ಲವೂ ಅದರ ನಂತರದ ಮಾತು. ಎಂಜಿನಿಯರಿಂಗ್ ಅಥವಾ ಎಂಬಿಎ ಪದವಿಗೆ ಈ ತೊಡಕಿಲ್ಲ. ಕಂಪನಿಯವರು ಒಪ್ಪಿದರೆ ಕೆಲಸ ಸಿಕ್ಕಂತೆ. ಆಸ್ಪತ್ರೆಯ ಕೆಲಸ ಹಾಗಲ್ಲ. ಪದವಿ ಪ್ರಮಾಣಪತ್ರ ಒಂದು ಕಾಗದವಾದರೆ, ಆ ದೇಶದ ನೋಂದಣಿ ಮಂಡಳಿ ಕೊಡುವ ಕಾಗದ ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಮೊದಲನೆಯದನ್ನು ಗೋಡೆಗೆ ತೂಗುಹಾಕಬಹುದು, ಅಷ್ಟೇ.

ಈ 'ಅಲೈಡ್ ಹೆಲ್ತ್' ಎನ್ನುವುದಾದರೂ ಏನು? ವೈದ್ಯರು, ನರ್ಸ್‌ಗಳು, ಔಷಧ ತಜ್ಞರನ್ನು ಬಿಟ್ಟು ಆಸ್ಪತ್ರೆಯನ್ನು ನಡೆಸುವ ಉಳಿದ ಕೈಗಳೆಲ್ಲ ಇದರಲ್ಲಿ ಬರುತ್ತವೆ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ತೆಗೆಯುವವರು, ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವರು, ಡಯಾಲಿಸಿಸ್ ಯಂತ್ರ ನಡೆಸುವವರು, ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರ ಪಕ್ಕದಲ್ಲಿ ನಿಲ್ಲುವವರು, ಹೃದಯ ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಹರಿಸುವ ಯಂತ್ರ ನೋಡಿಕೊಳ್ಳುವ ಪರ್ಫ್ಯೂಷನಿಸ್ಟರು, ಲಕ್ವ ಹೊಡೆದವರನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವ ಫಿಸಿಯೋಥೆರಪಿಸ್ಟರು, ಕಣ್ಣಿನ ನಂಬರು ನೋಡುವ ಆಪ್ಟೋಮೆಟ್ರಿಸ್ಟರು. ನಮ್ಮಲ್ಲಿ ಇದಕ್ಕೆಲ್ಲ ಒಟ್ಟಾಗಿ 'ಪ್ಯಾರಾಮೆಡಿಕಲ್' ಎನ್ನುವ ರೂಢಿ ಇನ್ನೂ ಇದೆ. ವಿದೇಶಕ್ಕೆ ಅರ್ಜಿ ಬರೆಯುವವರು ಈ ಪದವನ್ನು ಮರೆತರೆ ಒಳ್ಳೆಯದು. ಬ್ರಿಟನ್ನಿನಲ್ಲಿ 'ಪ್ಯಾರಾಮೆಡಿಕ್' ಎಂದರೆ ಆಂಬುಲೆನ್ಸಿನಲ್ಲಿ ಬಂದು ತುರ್ತು ಚಿಕಿತ್ಸೆ ಕೊಡುವವನು. ಲ್ಯಾಬ್ ಕಲಿಯಬೇಕೆಂದು ಹೊರಟವನು ಆಂಬುಲೆನ್ಸ್ ಕೋರ್ಸಿನ ವಿವರ ಓದುತ್ತ ಕೂರುವುದು ಬೇಡ.

ಭಾರತದಲ್ಲಿ ಈ ವೃತ್ತಿಗಳಲ್ಲಿ ಹೆಚ್ಚಿನವಕ್ಕೆ ಬಹುಕಾಲ ಒಂದು ಕೇಂದ್ರ ಕಾನೂನೇ ಇರಲಿಲ್ಲ. 2021ರಲ್ಲಿ ಸಂಸತ್ತು ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ, ಕಲಿಕೆಗೆ ಕನಿಷ್ಠ ಗಂಟೆಗಳನ್ನೂ ಅದು ಗೊತ್ತುಪಡಿಸಿತು. 'ಅಲೈಡ್' ವರ್ಗಕ್ಕೆ 2,000 ಗಂಟೆ, ಸ್ವತಂತ್ರವಾಗಿ ಚಿಕಿತ್ಸೆ ನೀಡಬಲ್ಲ 'ಹೆಲ್ತ್‌ಕೇರ್' ವರ್ಗಕ್ಕೆ 3,600 ಗಂಟೆ. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ನೋಂದಾಯಿತರ ಪಟ್ಟಿ ಎಲ್ಲವೂ ಈ ಕಾನೂನಿನಲ್ಲಿವೆ. ಮಾತು ಮತ್ತು ಶ್ರವಣ ದೋಷದ ಚಿಕಿತ್ಸೆಯ ಪದವಿಗೆ ಮಾತ್ರ ಭಾರತೀಯ ಪುನರ್ವಸತಿ ಪರಿಷತ್ತು ಮೊದಲಿನಿಂದಲೂ ಇದೆ.

ವಿದೇಶಕ್ಕೆ ಹೋಗುವವನಿಗೆ ಈ ಕಾನೂನಿನ ಗೊಡವೆ ಯಾಕೆ ಎಂದು ಕೇಳಬಹುದು. ಹೋದವನು ಒಂದು ದಿನ ತಿರುಗಿ ಬಂದಾನು ಎಂಬುದಕ್ಕೆ. ತಂದೆಗೆ ಹುಷಾರಿಲ್ಲವೆಂದು ಬರಬೇಕಾಗಬಹುದು, ವೀಸಾ ಮುಗಿದು ಬರಬೇಕಾಗಬಹುದು. ಆಗ ಇಲ್ಲಿನ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಅಲ್ಲಿನ ಪದವಿ ಇಲ್ಲಿ ಮಾನ್ಯವಾಗಬೇಕು. ಯುಜಿಸಿ 2025ರಲ್ಲಿ ವಿದೇಶಿ ಪದವಿಗಳಿಗೆ ಸಮಾನತೆ ನೀಡಲು ಹೊಸ ನಿಯಮ ತಂದಿತು. ಆದರೆ ಶಾಸನಬದ್ಧ ಮಂಡಳಿಗಳ ಅಧೀನದಲ್ಲಿರುವ ವೃತ್ತಿಗಳ ಪದವಿಗಳನ್ನು ಅದರಿಂದ ಹೊರಗಿಟ್ಟಿತು. ಆದ್ದರಿಂದ 'ನಮ್ಮ ಯೂನಿವರ್ಸಿಟಿಗೆ ಇಂಡಿಯಾದಲ್ಲಿ ಮಾನ್ಯತೆ ಇದೆ' ಎಂಬ ಏಜೆಂಟರ ಮಾತು ಸಾಲದು. ವಿಶ್ವವಿದ್ಯಾಲಯಕ್ಕೆ ಇರುವ ಮಾನ್ಯತೆ ಬೇರೆ, ಆ ಕೋರ್ಸು ಮುಗಿಸಿದವನ ನೋಂದಣಿ ಬೇರೆ. ಹಣ ಕಟ್ಟುವ ಮೊದಲೇ ಆಯೋಗಕ್ಕೆ ಅಥವಾ ರಾಜ್ಯ ಪರಿಷತ್ತಿಗೆ ಬರೆದು, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ಏಜೆಂಟರು ನಿಮ್ಮಿಂದ ಒಂದು ಪೈಸೆ ತೆಗೆದುಕೊಳ್ಳದೆ 'ಉಚಿತ ಮಾರ್ಗದರ್ಶನ' ಮಾಡುತ್ತಿದ್ದರೆ, ಸಾಮಾನ್ಯವಾಗಿ ಅವರಿಗೆ ಕಮಿಷನ್ ಕೊಡುವುದು ಆ ಕಡೆಯ ವಿಶ್ವವಿದ್ಯಾಲಯ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಅವರ ಪಟ್ಟಿಯಲ್ಲಿ ಇಲ್ಲದ ದಾರಿಯನ್ನು ಅವರು ತೋರಿಸಲಾರರು ಎಂಬುದು ನೆನಪಿರಲಿ.

ದೇಶಕ್ಕೊಂದು ಬಾಗಿಲು

ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ ಎಂಬ ಮಂಡಳಿ ಹದಿನೈದು ವೃತ್ತಿಗಳನ್ನು ನೋಂದಾಯಿಸುತ್ತದೆ. ಫಿಸಿಯೋಥೆರಪಿ, ರೇಡಿಯಾಗ್ರಫಿ, ಆಪರೇಷನ್ ಥಿಯೇಟರಿನವರು, ಲ್ಯಾಬಿನ 'ಬಯೋಮೆಡಿಕಲ್ ಸೈಂಟಿಸ್ಟ್' ಎಲ್ಲರೂ ಅದರಲ್ಲಿದ್ದಾರೆ. ಡಯಾಲಿಸಿಸ್ ಟೆಕ್ನಾಲಜಿ ಎಂಬ ವೃತ್ತಿ ಆ ಹದಿನೈದರಲ್ಲಿ ಇಲ್ಲ. ಅಲ್ಲಿ ರೋಗಿಗೆ ಡಯಾಲಿಸಿಸ್ ಮಾಡುವವರು ಬಹುಮಟ್ಟಿಗೆ ನರ್ಸ್‌ಗಳು. ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಯಂತ್ರಗಳು ಬಂದು, ಅದನ್ನು ಕಲಿತವರಿಗೆ ಬೇಡಿಕೆ ಇರುವ ಈ ಕಾಲದಲ್ಲಿ ಇದನ್ನು ಕೇಳಿದವರಿಗೆ ಆಶ್ಚರ್ಯವಾದೀತು. ಇಲ್ಲಿ ಬೆಲೆಯುಳ್ಳ ಪದವಿಗೆ ಅಲ್ಲಿ ಕುರ್ಚಿಯೇ ಇರುವುದಿಲ್ಲ. ಹಾಗೆಯೇ ಆಪ್ಟೋಮೆಟ್ರಿ ಕಲಿತವರು ಈ ಮಂಡಳಿಗೆ ಬರುವುದಿಲ್ಲ; ಅವರದು ಜನರಲ್ ಆಪ್ಟಿಕಲ್ ಕೌನ್ಸಿಲ್.

ಬ್ರಿಟನ್ನಿನಲ್ಲಿ ಇನ್ನೊಂದು ಎಡವುಗಲ್ಲಿದೆ. ಪದವಿ ಮುಗಿಸಿದವರಿಗೆ ಅಲ್ಲಿ ಎರಡು ಬಗೆಯ ಎಂ.ಎಸ್ಸಿ. ಸಿಗುತ್ತವೆ. 'ಪ್ರಿ-ರಿಜಿಸ್ಟ್ರೇಷನ್' ಎಂದು ಹೆಸರಿನಲ್ಲೇ ಬರೆದಿರುವ, ಸಾಮಾನ್ಯವಾಗಿ ಎರಡು ವರ್ಷದ ಕೋರ್ಸು ಮುಗಿಸಿದರೆ ಎಚ್‌ಸಿಪಿಸಿ ಬಾಗಿಲು ತೆರೆಯುತ್ತದೆ. ಒಂದೇ ವರ್ಷದ, ಅದಕ್ಕಿಂತ ಅಗ್ಗದ, ಹೆಸರಿನಲ್ಲಿ 'ಹೆಲ್ತ್', 'ರಿಹ್ಯಾಬಿಲಿಟೇಷನ್', 'ಮ್ಯಾನೇಜ್‌ಮೆಂಟ್' ಎಂಬ ಪದಗಳಿರುವ ಅನೇಕ ಕೋರ್ಸುಗಳು ಆ ಬಾಗಿಲಿನ ಹತ್ತಿರಕ್ಕೂ ಒಯ್ಯುವುದಿಲ್ಲ. ಮಂಡಳಿ ತಾನು ಒಪ್ಪಿದ ಕೋರ್ಸುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಹತ್ತು ನಿಮಿಷದ ಕೆಲಸ. ಪಟ್ಟಿಯಲ್ಲಿ ಆ ಕೋರ್ಸಿನ ಹೆಸರಿಲ್ಲದಿದ್ದರೆ ಮುಂದಿನ ಮಾತು ಬೇಡ.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಪಿಯುಸಿ ಆದ ಮೇಲೆ ನೇರವಾಗಿ ಸೇರಿ ಫಿಸಿಯೋಥೆರಪಿಸ್ಟ್ ಆಗುವ ಪದವಿಯೇ ಇಲ್ಲ. ಮೊದಲು ಯಾವುದಾದರೂ ಪದವಿ, ಆಮೇಲೆ ಸುಮಾರು ಮೂರು ವರ್ಷದ 'ಡಾಕ್ಟರ್ ಆಫ್ ಫಿಸಿಕಲ್ ಥೆರಪಿ', ಆಮೇಲೆ ಪರವಾನಗಿ ಪರೀಕ್ಷೆ. ಕೆನಡಾದಲ್ಲೂ ಫಿಸಿಯೋಥೆರಪಿ ಸ್ನಾತಕೋತ್ತರ ಮಟ್ಟದಲ್ಲೇ ಆರಂಭ. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷದ ಪದವಿ ಇದೆ, ಪದವಿಯ ಜೊತೆಗೆ ನೋಂದಣಿಯ ಅರ್ಹತೆಯೂ ಇದೆ, ಆದರೆ ವೆಚ್ಚ ವಿಪರೀತ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಂತೂ ಅಲ್ಲಿ ಓದುವುದೇ ಬೇಕಿಲ್ಲ. ಇಲ್ಲಿನ ಪದವಿ, ಒಂದೆರಡು ವರ್ಷ ಆಸ್ಪತ್ರೆಯ ಅನುಭವ, 'ಡೇಟಾಫ್ಲೋ' ಮೂಲಕ ದಾಖಲೆಗಳ ಪರಿಶೀಲನೆ, ಪರವಾನಗಿ ಪರೀಕ್ಷೆ. ಸೌದಿ, ದುಬೈಗಳಿಗೆ ದಾರಿ ಇದೇ.

ಜರ್ಮನಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಇತ್ತೀಚೆಗೆ 'ಜರ್ಮನಿಯಲ್ಲಿ ಓದು ಪುಕ್ಕಟೆ, ಮೇಲಿಂದ ಸಂಬಳ' ಎಂಬ ಮಾತು ಹಳ್ಳಿಗಳವರೆಗೂ ಹಬ್ಬಿದೆ. ಮಾತು ಪೂರ್ತಿ ಸುಳ್ಳಲ್ಲ. ಅಲ್ಲಿ ರೇಡಿಯಾಲಜಿ, ಲ್ಯಾಬ್, ಆಪರೇಷನ್ ಥಿಯೇಟರ್, ಅನಸ್ತೇಸಿಯಾ ಕೆಲಸಗಳನ್ನು ಬಹುಪಾಲು ಜನ ಕಲಿಯುವುದು ವಿಶ್ವವಿದ್ಯಾಲಯದಲ್ಲಿ ಅಲ್ಲ, 'ಔಸ್‌ಬಿಲ್ಡುಂಗ್' ಎಂಬ ಮೂರು ವರ್ಷದ ವೃತ್ತಿ ತರಬೇತಿಯಲ್ಲಿ. ಸ್ವಲ್ಪ ಕಾಲ ಶಾಲೆ, ಸ್ವಲ್ಪ ಕಾಲ ಆಸ್ಪತ್ರೆ ಎನ್ನುವಂಥ ವ್ಯವಸ್ಥೆ. ಆಪರೇಷನ್ ಥಿಯೇಟರ್ ಮತ್ತು ಅನಸ್ತೇಸಿಯಾ ಸಹಾಯಕರ ತರಬೇತಿಗೆ 2022ರಿಂದ, ರೇಡಿಯಾಲಜಿ ಮತ್ತು ಲ್ಯಾಬ್ ತರಬೇತಿಗೆ 2023ರಿಂದ ಹೊಸ ಕಾನೂನುಗಳು ಜಾರಿಗೆ ಬಂದಿವೆ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವವರಿಗೆ ತಿಂಗಳಿಗೆ ಸಾವಿರ ಯೂರೋಗೂ ಹೆಚ್ಚು ಭತ್ಯೆ ಸಿಗುತ್ತದೆ. ಕೊನೆಗೆ ಸರ್ಕಾರಿ ಪರೀಕ್ಷೆ.

ಇಷ್ಟು ನಿಜ. ಉಳಿದ ನಿಜ ಎರಡಿವೆ. ಇದು ನಮ್ಮ ಅರ್ಥದ ಪದವಿ ಅಲ್ಲ. ಜರ್ಮನಿಯಲ್ಲಿ ಗೌರವದ ಕೆಲಸ, ನಿಜ. ಆದರೆ ಊರಿಗೆ ಮರಳಿ ಬಿ.ಎಸ್ಸಿ. ಎಂದು ತೋರಿಸಲು, ಮುಂದೆ ಎಂ.ಎಸ್ಸಿ. ಸೇರಲು ಅದು ಸಾಕಾದೀತೆಂದು ನೆಚ್ಚಬೇಡಿ. ಎರಡನೆಯದು ಭಾಷೆ. ಜರ್ಮನ್ ಭಾಷೆಯಲ್ಲೇ ಪಾಠ, ಜರ್ಮನ್ ಭಾಷೆಯಲ್ಲೇ ರೋಗಿಯ ನರಳಾಟ. ಬಿ-1 ಮಟ್ಟವನ್ನು ದಾಟಿ ಬಿ-2 ಹತ್ತಿರ ಹೋಗದೆ ಆಸ್ಪತ್ರೆಯಲ್ಲಿ ಉಸಿರಾಡುವುದು ಕಷ್ಟ. ಗೊಯಟೆ ಸಂಸ್ಥೆಯ ಕೇಂದ್ರಗಳು ಬೆಂಗಳೂರಿನಲ್ಲೂ ಪುಣೆಯಲ್ಲೂ ಇವೆ. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರದ ಮೇಲೆ ಪುಣೆಯೇ ಹತ್ತಿರ. ಶೂನ್ಯದಿಂದ ಬಿ-2ಗೆ ಒಂದು ವರ್ಷವಾದರೂ ಬೇಕು, ಅದೂ ದಿನವೂ ಕೂತು ಓದಿದರೆ. ಅದನ್ನು ಮಾಡಬಲ್ಲ ಹುಡುಗನಿಗೆ ಈ ದಾರಿ ಕೆಟ್ಟದ್ದೇನೂ ಅಲ್ಲ. ನನ್ನ ಮಟ್ಟಿಗೆ, ಪಿಯುಸಿ ಆದ ಕೂಡಲೆ ಹೊರಡುವುದಾದರೆ ಹೊಲ ಮಾರದೆ ಹೋಗಬಹುದಾದ ದಾರಿ ಇದೊಂದೇ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿ ವೀಸಾ ಮೇಲೆ ಹೋಗುವುದಾದರೆ ಮಾತ್ರ ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಪ್ರತ್ಯೇಕ ಖಾತೆಯಲ್ಲಿ ತೋರಿಸಬೇಕು (2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ ಇದು). ಜೊತೆಗೆ ನಮ್ಮ ಪಿಯುಸಿಯೊಂದರ ಮೇಲೆ ಅಲ್ಲಿ ನೇರ ಪ್ರವೇಶ ಸಿಗುವುದು ಅಪರೂಪ.

ತೊಗರಿಯ ಲೆಕ್ಕ

ಬ್ರಿಟನ್ನಿನ ರೇಡಿಯಾಗ್ರಫಿ ಅಥವಾ ಫಿಸಿಯೋಥೆರಪಿ ಪದವಿಗೆ ವಿದೇಶಿ ವಿದ್ಯಾರ್ಥಿಗಳ ಬೋಧನಾ ಶುಲ್ಕ ವರ್ಷಕ್ಕೆ ಸಾಮಾನ್ಯವಾಗಿ 15ರಿಂದ 25 ಸಾವಿರ ಪೌಂಡುಗಳ ನಡುವೆ ಇರುತ್ತದೆ. 18 ಸಾವಿರವೆಂದೇ ಹಿಡಿಯೋಣ. ಮೂರು ವರ್ಷಕ್ಕೆ 54 ಸಾವಿರ. ಪೌಂಡಿಗೆ 115 ರೂಪಾಯಿಯಂತೆ 62 ಲಕ್ಷ ರೂಪಾಯಿ. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ 775 ಕ್ವಿಂಟಲ್ ತೊಗರಿ. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಐದು ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ ಎನ್ನುವ ಸೀಮೆ ನಮ್ಮದು. ಗೊಬ್ಬರ, ಕೂಲಿ, ನೆಟೆರೋಗ ಯಾವುದನ್ನೂ ಕಳೆಯದೆ ಲೆಕ್ಕ ಹಾಕಿದರೂ 155 ಎಕರೆಯ ಒಂದು ವರ್ಷದ ರಾಶಿ. ಊಟ, ವಸತಿ, ವಿಮಾನ ಇದರಲ್ಲಿ ಸೇರಿಲ್ಲ. ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕವೂ ಸೇರಿಲ್ಲ; ಅದನ್ನು ವೀಸಾ ಅರ್ಜಿಯ ಜೊತೆಗೇ ಎಲ್ಲ ವರ್ಷಗಳಿಗೂ ಒಟ್ಟಿಗೆ ಕಟ್ಟಬೇಕು.

ಸಾಲ ತೆಗೆದರಾಯಿತು ಎನ್ನುವವರಿಗೆ ಬ್ಯಾಂಕಿನ ಬಾಗಿಲಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಆಸ್ತಿಯ ಆಧಾರ ಬೇಕು. ರೈತನ ಬಳಿ ಇರುವ ಆಸ್ತಿ ಎಂದರೆ ಹೊಲ. ಮ್ಯಾನೇಜರರ ಮುಂದೆ ಪಹಣಿ ಇಟ್ಟರೆ ಅವರು ತಲೆ ಅಲ್ಲಾಡಿಸುತ್ತಾರೆ. ಇದು ಅವರ ಮೊಂಡುತನವೇನಲ್ಲ. ಬಾಕಿ ವಸೂಲಿಗೆ ಬ್ಯಾಂಕು ಆಸ್ತಿಯನ್ನು ತಾನೇ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ 'ಸರ್ಫೇಸಿ' ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದರ 31ನೇ ಕಲಮು ಹಾಗೆ ಹೇಳುತ್ತದೆ. ರೈತನನ್ನು ಕಾಯಲೆಂದು ಬರೆದ ಕಲಮೇ ಆತನ ಮಗಳ ಸಾಲಕ್ಕೆ ಅಡ್ಡಿಯಾಗುವುದನ್ನು ಏನೆನ್ನೋಣ! ಹೀಗಾಗಿ ವಿದೇಶ ವ್ಯಾಸಂಗದ ಸಾಲಕ್ಕೆ ಬ್ಯಾಂಕುಗಳು ಕೇಳುವುದು ಪಟ್ಟಣದ ಮನೆ, ಎನ್‌ಎ ಆದ ನಿವೇಶನ ಅಥವಾ ಠೇವಣಿ. ಆಧಾರವಿಲ್ಲದೆ ಸಾಲ ಕೊಡುವ ಖಾಸಗಿ ಕಂಪನಿಗಳು ಬಡ್ಡಿ ಹೆಚ್ಚು ಹಾಕುತ್ತವೆ, ಮೇಲಾಗಿ ಪಾಲಕರ ಆದಾಯ ತೆರಿಗೆ ವಿವರ ಕೇಳುತ್ತವೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ವಿವರ ಸಲ್ಲಿಸದೇ ಬಂದ ಮನೆತನಕ್ಕೆ ಆ ಕಾಗದ ಎಲ್ಲಿಂದ ಬರಬೇಕು?

ಕೊನೆಗೆ ಉಳಿಯುವುದು ಹೊಲ ಮಾರುವುದು, ಇಲ್ಲವೇ ಊರ ಸಾಹುಕಾರರ ಕೈಸಾಲ. ತಿಂಗಳಿಗೆ ನೂರಕ್ಕೆ ಎರಡು, ಮೂರು ರೂಪಾಯಿ ಬಡ್ಡಿಯ ಕೈಸಾಲದಲ್ಲಿ ವಿದೇಶಕ್ಕೆ ಹೋದ ವಿದ್ಯಾರ್ಥಿ ಪುಸ್ತಕ ಓದುವುದಿಲ್ಲ, ಬಡ್ಡಿ ಲೆಕ್ಕ ಓದುತ್ತಾನೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಬ್ರಿಟನ್ ಕೊಡುವ ಎರಡು ವರ್ಷದ ಅವಧಿಯೂ, 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳಿಗೆ ಇಳಿಯುತ್ತದೆ ಎಂದು ಅಲ್ಲಿನ ಸರ್ಕಾರ 2025ರಲ್ಲಿ ಪ್ರಕಟಿಸಿತು. ಅಷ್ಟರೊಳಗೆ ಅಷ್ಟು ಸಾಲ ತೀರೀತೇ?

ಸರ್ಕಾರದ ನೆರವು ಇಲ್ಲವೇ ಎಂದರೆ, ಇದೆ. ಆದರೆ ಅದು ಯಾವ ಮೆಟ್ಟಿಲಿಗೆ ಎಂಬುದನ್ನು ನೋಡಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅದು ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ.ಗೆ ಮಾತ್ರ. ಶಿಕ್ಷಣ ಸಾಲದ ಬಡ್ಡಿಗೆ ಕೇಂದ್ರ ಕೊಡುವ ಸಹಾಯಧನ ಬಹುಮಟ್ಟಿಗೆ ಭಾರತದೊಳಗಿನ ಓದಿಗೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿ, ಪಂಗಡದವರಿಗಾಗಿ 'ಪ್ರಬುದ್ಧ' ಎಂಬ ವಿದೇಶ ವ್ಯಾಸಂಗ ಯೋಜನೆ ನಡೆಸಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲವಿದೆ. ಆಯಾ ವರ್ಷದ ಆದೇಶದಲ್ಲಿ ಯಾವ ಕೋರ್ಸುಗಳಿವೆ ಎಂಬುದನ್ನು ತಾಲ್ಲೂಕು ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಮೊದಲು ಇಲ್ಲಿ, ಆಮೇಲೆ ಅಲ್ಲಿ

ಮೇಲಿನದನ್ನೆಲ್ಲ ಕೂಡಿಸಿ ನೋಡಿದರೆ ನಮ್ಮ ಈ ಮೂರು ತಾಲ್ಲೂಕುಗಳ ಸಾಮಾನ್ಯ ಕುಟುಂಬಕ್ಕೆ ಒಪ್ಪುವ ದಾರಿ ಯಾವುದೆಂದು ಕಾಣುತ್ತದೆ: ಮೊದಲ ಪದವಿ ಇಲ್ಲಿ, ವಿದೇಶ ಆಮೇಲೆ. ಅಮೆರಿಕ, ಕೆನಡಾಗಳ ವ್ಯವಸ್ಥೆಯೂ, ಕೊಲ್ಲಿಯ ನಿಯಮವೂ, ಕೇಂದ್ರದ ವಿದ್ಯಾರ್ಥಿವೇತನವೂ ಬೊಟ್ಟುಮಾಡುವುದು ಇದನ್ನೇ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಅಮೆರಿಕ, ಆಸ್ಟ್ರೇಲಿಯಾ ಸೇರಿದವರು ಹಿಡಿದದ್ದೂ ಇದೇ ದಾರಿ.

ಇಲ್ಲಿ ಎಂದರೆ ಬಹುದೂರವೂ ಅಲ್ಲ. ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರ ಇನ್ನು ತುಸು ದೂರ. ಕಲಬುರಗಿಯಲ್ಲಿ 1963ರಿಂದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜಿದೆ; 2013ರಲ್ಲಿ ಜಿಮ್ಸ್ ಮತ್ತು ಇಎಸ್‌ಐ ವೈದ್ಯಕೀಯ ಕಾಲೇಜುಗಳು ಬಂದವು. ದೊಡ್ಡ ಆಸ್ಪತ್ರೆಗಳಿರುವಲ್ಲಿ ಕಲಿಯುವ ಕೈಗೆ ಕೆಲಸ ಸಿಗುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೋರ್ಸುಗಳಲ್ಲಿ ಲ್ಯಾಬಿನಿಂದ ಹಿಡಿದು ಪರ್ಫ್ಯೂಷನ್ನಿನವರೆಗೆ ಹತ್ತಾರು ವಿಷಯಗಳಿವೆ. ಸಂವಿಧಾನದ 371(ಜೆ) ಕಲಮಿನಂತೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ಈ ಭಾಗದವರಿಗೆ. ಈ ಪ್ರಮಾಣಪತ್ರವನ್ನು ಪಿಯುಸಿ ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳದೆ, ಕೌನ್ಸೆಲಿಂಗ್ ದಿನ ಓಡಾಡುವವರು ಪ್ರತಿ ವರ್ಷವೂ ಇರುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಕಲಬುರಗಿಯ ಹಾಸ್ಟೆಲಿಗೆ ಕಳಿಸಲೂ ಹಿಂದೆಮುಂದೆ ನೋಡುವ ಮನೆಯವರು, ಅಲ್ಲೇ ಪದವಿ ಮುಗಿಸಿ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು ಸಂಬಳ ತಂದ ಮಗಳು 'ಎಪ್ಪಾ, ನಾ ಇಂಗ್ಲೆಂಡಿಗಿ ಹೋಗ್ತೀನಿ' ಎಂದರೆ ಬೇರೆ ಕಿವಿಯಿಂದ ಕೇಳುತ್ತಾರೆ. ಆಗ ಅವಳ ಕೈಯಲ್ಲಿ ಒಂದು ಕಸುಬಿರುತ್ತದೆ. ಆ ದೇಶ ಕೈಕೊಟ್ಟರೂ ಕಸುಬು ಕೈಕೊಡುವುದಿಲ್ಲ.

ಹಾಗೆಂದು ಇಲ್ಲಿ ಓದಿದ ಕೂಡಲೆ ಅಲ್ಲಿ ಹಾರ ಹಾಕಿ ಕರೆಯುತ್ತಾರೆಂದಲ್ಲ. ಭಾರತದ ಪದವಿ ಹಿಡಿದು ಎಚ್‌ಸಿಪಿಸಿಗೆ ಅರ್ಜಿ ಹಾಕುವವರು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕೆ ಕಡಿಮೆಯಿಲ್ಲದಂತೆ ಪಡೆಯಬೇಕು. ಮಾತಿನ ಚಿಕಿತ್ಸಕರಿಗೆ 8. ಹತ್ತನೆಯ ತರಗತಿಯವರೆಗೆ ಕನ್ನಡ, ಉರ್ದು, ಮರಾಠಿ ಮಾಧ್ಯಮಗಳಲ್ಲಿ ಓದಿದವರಿಗೆ ಇದು ಎತ್ತರದ ಗೋಡೆಯೇ. ಪದವಿಯ ನಾಲ್ಕು ವರ್ಷವನ್ನು ಇದಕ್ಕೂ ಬಳಸಿಕೊಳ್ಳಬಹುದು ಎಂಬುದೇ ಮೊದಲು ಇಲ್ಲಿ ಓದುವುದರ ಇನ್ನೊಂದು ಲಾಭ.

ವಿದೇಶಿ ಮಂಡಳಿಗಳು ಅಂಕಪಟ್ಟಿ ನೋಡಿ ಸುಮ್ಮನಾಗುವುದಿಲ್ಲ. ಯಾವ ವರ್ಷ ಏನು ಕಲಿಸಿದರು, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದೆ, ಮೇಲ್ವಿಚಾರಣೆ ಯಾರದು ಎಂದು ಕೇಳುತ್ತವೆ. ಇಂಟರ್ನ್‌ಶಿಪ್ಪಿನ ದಿನಚರಿ ಪುಸ್ತಕ, ಪಠ್ಯಕ್ರಮದ ಪ್ರತಿ, ಪ್ರಾಂಶುಪಾಲರ ಸಹಿಯುಳ್ಳ ಗಂಟೆಗಳ ಲೆಕ್ಕ ಇವನ್ನು ಕಾಲೇಜು ಬಿಡುವ ದಿನವೇ ಕೈಗೆ ಪಡೆಯಬೇಕು. ಐದು ವರ್ಷದ ಮೇಲೆ ಹೋಗಿ ಕೇಳಿದರೆ ಪಠ್ಯಕ್ರಮ ಬದಲಾಗಿರುತ್ತದೆ, ಸಹಿ ಹಾಕಿದವರು ವರ್ಗವಾಗಿರುತ್ತಾರೆ.

ಇನ್ನು ಹೆಸರಿನ ತಾಪತ್ರಯ. ನಮ್ಮ ಕಡೆ ಶರಣಬಸಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕನಿಷ್ಠ ನಾಲ್ಕು ಬಗೆಯಾಗಿ ಬರೆಯುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಪಾಸ್‌ಪೋರ್ಟು, ಪದವಿ, ನೋಂದಣಿ ಮೂರರಲ್ಲೂ ಅಕ್ಷರ ಅಕ್ಷರಕ್ಕೆ ಹೊಂದಬೇಕೆಂದು ಪರಿಶೀಲಕರು ಪಟ್ಟು ಹಿಡಿಯುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ತಪ್ಪಿಗೆ ಓದಿದ ಶಾಲೆಯ ಹೆಡ್‌ಮಾಸ್ತರರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಕೊಡಬೇಕು. ಪದವಿ ಪ್ರಮಾಣಪತ್ರ ಅಚ್ಚಾಗುವ ಮೊದಲು ಇದು ಒಂದು ಅರ್ಜಿಯ ಕೆಲಸ; ಅಚ್ಚಾದ ಮೇಲೆ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ಬೆಂಗಳೂರಿಗೆ ಮೂರು ಸಲ ರಾತ್ರಿ ಬಸ್ಸು.